ಬಚ್ಚಲಲ್ಲಿ ಬರ್ಗಂಡಿ

“ಮೇಡಂ, ಮೂರು ದಿನ ತಲೆಗೆ ನೀರು ತಾಗಿಸ್ಬೇಡಿ. ಆಮೇಲೂ ಅಷ್ಟೇ, ಎಣ್ಣೆ ಬೇಡ, ಬಿಸಿನೀರು ಬೇಡ, ಜೋರಾಗಿ ತಿಕ್ಕೋದು ಬೇಡ. ಸಲ್ಫೇಟ್ ಇಲ್ಲದ ಶಾಂಪೂ, ವಾರಕ್ಕೆ ಎರಡೇ ಸಲ.”

ಹೇಳಿದವನು ಮೈಸೂರಿನ ಒಂದು ಸಲೂನಿನ ಹುಡುಗ. ವಿಧೇಯಳಾಗಿ ತಲೆಯಾಡಿಸಿದವಳು ಇಪ್ಪತ್ತೆಂಟು ವರ್ಷದಿಂದ ಪಿಯು ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡುತ್ತಿರುವ ನಾನು. ಆಡಿಸಿದ ತಲೆ ಆಗಲೇ ಬರ್ಗಂಡಿ. ಅವತ್ತು ಶನಿವಾರ. ಸೋಮವಾರ ಬೆಳಗಿನ ಜಾವ ನರಕ ಚತುರ್ದಶಿ, ಅದೂ ತೀರ್ಥಹಳ್ಳಿ ಕಡೆಯ ತವರುಮನೆಯಲ್ಲಿ. ಅಂದರೆ ಆ ಹುಡುಗ ಬೇಡ ಬೇಡ ಎಂದದ್ದನ್ನೆಲ್ಲ ಒಂದೇ ಪಟ್ಟಿಗೆ, ಅವನು ಹೇಳಿದ ಕ್ರಮದಲ್ಲೇ ಮಾಡಿಸಿಕೊಳ್ಳಲು ನಾನು ಬಸ್ಸಿನ ಟಿಕೆಟ್ ತೆಗೆಸಿಯಾಗಿತ್ತು. ಹಬ್ಬ ನೆನಪಿರಲಿಲ್ಲವೇ ಎಂದು ಕೇಳಬೇಡಿ. ನೆನಪಿತ್ತು. ಹಬ್ಬಕ್ಕೆಂದೇ ಹಚ್ಚಿಸಿಕೊಂಡದ್ದು. ಹಬ್ಬದಲ್ಲಿ ಸ್ನಾನವೂ ಇರುತ್ತದೆ ಎಂಬುದೊಂದು ಮರೆತಿತ್ತು.

ಕಾರಣ ಒಂದು ಫೋಟೋ. ಕಾಲೇಜಿನ ಗ್ರೂಪ್ ಫೋಟೋವನ್ನು ಸುಣ್ಣದ ಗೋಡೆಯ ಮುಂದೆ ತೆಗೆದಿದ್ದರು. ಅದರಲ್ಲಿ ನನ್ನ ತಲೆ ಎಲ್ಲಿಗೆ ಮುಗಿದು ಗೋಡೆ ಎಲ್ಲಿಂದ ಶುರುವಾಗಿದೆ ಎಂದು ನನಗೇ ಗೊತ್ತಾಗಲಿಲ್ಲ. ಪಕ್ಕದಲ್ಲಿ ನನಗಿಂತ ನಾಲ್ಕು ವರ್ಷ ದೊಡ್ಡವರಾದ ನಮ್ಮ ಪ್ರಿನ್ಸಿಪಾಲರು, ಕಾಡಿಗೆ ಡಬ್ಬಿಯಲ್ಲಿ ಅದ್ದಿ ತೆಗೆದಂಥ ಕ್ರಾಪಿನಲ್ಲಿ, ಹುಡುಗನ ಹಾಗೆ ನಿಂತಿದ್ದರು. ಅವರ ತಲೆಯ ಬಗ್ಗೆ ಸ್ಟಾಫ್‌ರೂಮಿನಲ್ಲಿ ಯಾರೂ ಮಾತಾಡಿದ್ದನ್ನು ನಾನು ಕೇಳಿಲ್ಲ. ನನ್ನದಕ್ಕೆ ಮಾತ್ರ ಮುಂದೆ ವಾರಗಟ್ಟಲೆ “ಏನ್ ಮೇಡಂ, ಈ ವಯಸ್ಸಲ್ಲಿ?” ಇರಲಿ.

ಬಣ್ಣದ ಗುಟ್ಟು ನನಗೆ ಗೊತ್ತಿಲ್ಲದ್ದೇನಲ್ಲ. ಪ್ರತಿವರ್ಷ ಮಕ್ಕಳಿಗೆ ಹೇಳುತ್ತೇನೆ: ಕೂದಲಿನ ಮೇಲ್ಪದರ ಮಂಗಳೂರು ಹೆಂಚಿನ ಮಾಡಿನ ಹಾಗೆ, ಒಂದರ ಮೇಲೊಂದು ಹೊದ್ದುಕೊಂಡಿರುತ್ತದೆ. ಅಮೋನಿಯ ಬಂದು ಹೆಂಚುಗಳನ್ನು ಸ್ವಲ್ಪ ಎತ್ತುತ್ತದೆ. ಆ ಸಂದಿಯಲ್ಲಿ ಬಣ್ಣವೇ ಇಲ್ಲದ ಸಣ್ಣ ಸಣ್ಣ ಅಣುಗಳು ನುಗ್ಗುತ್ತವೆ. ಒಳಗೆ ಹೈಡ್ರೋಜನ್ ಪೆರಾಕ್ಸೈಡಿನ ದೆಸೆಯಿಂದ ಒಂದಕ್ಕೊಂದು ಕೈಹಿಡಿದು ದೊಡ್ಡವಾಗಿ ಬಣ್ಣ ತಳೆಯುತ್ತವೆ. ಬೇಲಿಯ ಕಂಡಿಯಲ್ಲಿ ನುಗ್ಗಿದ ಕರು ಮೇದು ಹೊಟ್ಟೆ ಉಬ್ಬಿಸಿಕೊಂಡು ಹೊರಗೆ ಬರಲಾಗದೆ ನಿಲ್ಲುವುದಿಲ್ಲವೆ, ಹಾಗೆ. 1907ರಲ್ಲಿ ಪ್ಯಾರಿಸ್ಸಿನಲ್ಲಿ ಯೂಜೀನ್ ಶೂಲರ್ ಎಂಬಾತ ಇಂಥ ಕೂದಲ ಬಣ್ಣ ಮಾಡಿ ಮಾರಿದ, ಲೋರಿಯಾಲ್ ಕಂಪನಿ ಹುಟ್ಟಿದ್ದು ಅದರಿಂದ. ಇಷ್ಟೆಲ್ಲ ಹೇಳುವ ನಾನು ಮಕ್ಕಳಿಗೆ ಹೇಳದೆ ಬಿಟ್ಟದ್ದು ಇಷ್ಟೇ: ಹೊಸದಾಗಿ ಹಚ್ಚಿದಾಗ ಒಳಗೆ ಹೋಗದೆ ಜಗಲಿಯ ಮೇಲೇ ಉಳಿದ ಬಣ್ಣವೂ ಬೇಕಾದಷ್ಟಿರುತ್ತದೆ. ಮೊದಲ ಸ್ನಾನದಲ್ಲಿ ಅದು ಎದ್ದು ಹೊರಡುತ್ತದೆ. ಎಲ್ಲ ಬಣ್ಣಗಳಲ್ಲಿ ಕೆಂಪಿನ ಕಾಲು ಚುರುಕು.

ಭಾನುವಾರ ಸಂಜೆ ತಲೆಗೆ ಶಾಲು ಸುತ್ತಿಕೊಂಡು ಮನೆಯ ಮೆಟ್ಟಿಲು ಹತ್ತಿದೆ. ಥಂಡಿ ಎಂದೆ. ನಂಬಿದರು. ನೀರು ತುಂಬುವ ಗಡಿಬಿಡಿಯಲ್ಲಿ ನನ್ನ ತಲೆ ನೋಡಲು ಯಾರಿಗೆ ಪುರುಸೊತ್ತು? ಹಂಡೆ ತಿಕ್ಕಿ, ಮೈಗೆಲ್ಲ ಸುಣ್ಣದಲ್ಲಿ ಎಳೆ ಬರೆದು, ಕುತ್ತಿಗೆಗೆ ಹಿಂಡಲೆಕಾಯಿಯ ಬಳ್ಳಿ ಕಟ್ಟಿ ಮದುಮಗನ ಹಾಗೆ ಒಲೆಯ ಮೇಲೆ ಕೂರಿಸಿದ್ದರು. ಆ ಸುಣ್ಣವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಬೆಳಗಿನ ಜಾವ ನಾಲ್ಕೂವರೆಗೆ ದೊಡ್ಡಮ್ಮ ಕರೆದರು. ಎಪ್ಪತ್ತೆಂಟು ವರ್ಷ, ಒಂದು ಕಣ್ಣಿಗೆ ಪೊರೆ ತೆಗೆಸಿದೆ, ಇನ್ನೊಂದಕ್ಕೆ ‘ಮುಂದಿನ ವರ್ಷ ನೋಡಣ’. ಈ ಮನೆಯ ಹೆಣ್ಣುಮಕ್ಕಳಿಗೆ ಹಬ್ಬದ ದಿನ ನೀರು ಹಾಕುವ ಹಕ್ಕು ಅವರದ್ದು.

“ದೊಡ್ಡಮ್ಮ, ನಂಗೆ ಶೀತ. ಮೈಗಷ್ಟೇ ಹಾಕ್ಕೊಳ್ತೀನಿ.”

“ನರಕಾಸುರನ್ನ ಕೊಂದು ಬಂದ ಕೃಷ್ಣನೇ ತಲೆಗೆ ಎಣ್ಣೆ ಹಾಕಿಸ್ಕೊಂಡ. ನಿಂಗೆಂಥ ಧಾಡಿ? ಕೂರು ಮಣೆ ಮೇಲೆ.”

ಕೃಷ್ಣನ ಮೈಮೇಲೆ ರಕ್ತವಿತ್ತು, ತೊಳೆಯಬೇಕಾಗಿತ್ತು ಎಂದು ವಾದಿಸಬಹುದಿತ್ತು. ಕೂತೆ. ಅಶ್ವತ್ಥಾಮ, ಬಲಿ, ವ್ಯಾಸ ಎಂದು ಏಳು ಜನ ಚಿರಂಜೀವಿಗಳ ಹೆಸರು ಹೇಳಿ ದೊಡ್ಡಮ್ಮ ನೆಲಕ್ಕೆ ಎಣ್ಣೆಯ ಬೊಟ್ಟಿಟ್ಟರು. ಚಿರಂಜೀವಿಗಳಾದರೆ ಅವರಿಗೆ ಕೂದಲು ನರೆಯುತ್ತದೋ ಇಲ್ಲವೋ, ನರೆತರೆ ಏನು ಮಾಡುತ್ತಾರೆ ಎಂದು ಯೋಚಿಸುತ್ತಿರುವಾಗಲೇ ಬೆಚ್ಚಗಿನ ಕೊಬ್ಬರಿ ಎಣ್ಣೆ ನೆತ್ತಿಗೆ ಬಿತ್ತು. ತಟ್ಟಿದರು, ಒತ್ತಿದರು, ತಿಕ್ಕಿದರು. ಶಾಂಪೂ ಎಂಬ ಮಾತು ಹುಟ್ಟಿದ್ದೇ ಈ ಒತ್ತುವುದರಿಂದ, ಹಿಂದಿಯ ಚಾಂಪೋದಿಂದ. ಪಟ್ನಾದ ಶೇಖ್ ದೀನ್ ಮಹಮ್ಮದ್ ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಬ್ರೈಟನ್ನಿನಲ್ಲಿ ಸ್ನಾನದ ಮನೆ ತೆರೆದು ಅಲ್ಲಿನ ರಾಜರಿಗೂ ಹೀಗೆ ಒತ್ತಿ ಹೆಸರು ಮಾಡಿದ. ದೊಡ್ಡಮ್ಮ ಒತ್ತಿದ್ದರೆ ಆ ರಾಜರು ಸಿಂಹಾಸನ ಬಿಟ್ಟುಕೊಟ್ಟು ಓಡುತ್ತಿದ್ದರು.

ಆಮೇಲೆ ದಾಸವಾಳದ ಸೊಪ್ಪಿನ ಗೊಂಪು. ಆಮೇಲೆ ಸೀಗೆಪುಡಿ. ಆಮೇಲೆ ಹಂಡೆಯಿಂದ ತಂಬಿಗೆ ತಂಬಿಗೆ ನೀರು, ಕೈ ಇಟ್ಟರೆ ಹಿಂದಕ್ಕೆ ಎಳೆದುಕೊಳ್ಳುವಷ್ಟು ಬಿಸಿ. ನಾನು ಕಣ್ಣು ಮುಚ್ಚಿಕೊಂಡಿದ್ದೆ. ಮೂರನೆಯ ತಂಬಿಗೆಗೆ ದೊಡ್ಡಮ್ಮನ ಕೈ ನಿಂತಿತು.

“ಎಂಥದೇ ಇದು?”

ನಾನು ಮಾತಾಡಲಿಲ್ಲ.

“ಅಯ್ಯೋ ರಾಮ, ಮಗು ತಲೆ ಒಡೆದ್ನಲ್ಲೇ!”

ನಲವತ್ತು ಕ್ಯಾಂಡಲ್ಲಿನ ಹಳದಿ ಬಲ್ಬು, ಹೊಗೆ, ಒಂದೂಕಾಲು ಕಣ್ಣು. ಅದರಲ್ಲಿ ಅವರಿಗೆ ಕಂಡದ್ದು ಐವತ್ತನಾಲ್ಕು ವರ್ಷದ ಮಗುವಿನ ನೆತ್ತಿಯಿಂದ ಇಳಿದು, ಕಿವಿ ಸುತ್ತಿ, ಬೆನ್ನ ಮೇಲೆ ಹರಿದು, ಮಣೆಯ ಸುತ್ತ ಮಡುಗಟ್ಟಿದ ಕೆಂಪು. ತಂಬಿಗೆಯ ಅಂಚು ತಾಗಿಸಿಬಿಟ್ಟೆ ಎಂದುಕೊಂಡರು. ಕೂಗಿದರು. ಅತ್ತಿಗೆ ಓಡಿ ಬಂದರು, ಬರುವಾಗ ಅಡುಗೆಮನೆಯಿಂದ ಅರಿಶಿನದ ಡಬ್ಬಿಯನ್ನೇ ತಂದಿದ್ದರು. ನಮ್ಮ ಮನೆಯಲ್ಲಿ ಗಾಯಕ್ಕೆ ಮೊದಲು ಅರಿಶಿನ, ಆಮೇಲೆ ಅಳು. “ಅತ್ತಿಗೆ, ಬೇಡ, ಅದು...” ಎಂದು ಬಾಯಿ ತೆರೆದೆ. ಬಾಯಿಗೆ ಸೀಗೆ ಬಂತು. ಅತ್ತಿಗೆ ಹಿಡಿಹಿಡಿಯಾಗಿ ಅರಿಶಿನ ಎರಚಿದರು. ತಲೆಗೆ ಬಿದ್ದದ್ದು ಅರ್ಧ. ಉಳಿದರ್ಧ ಹಾರಿ ಹೋಗಿ ಕೂತದ್ದು ಹಬೆಯಲ್ಲಿ ಒದ್ದೆಯಾಗಿದ್ದ ಹಂಡೆಯ ಮೇಲೆ. ಆ ಸುಣ್ಣದ ಎಳೆಗಳ ಮೇಲೆ.

ಅರಿಶಿನಕ್ಕೆ ಸುಣ್ಣ ಸೇರಿದರೆ ಓಕುಳಿ. ಆರತಿ ತಟ್ಟೆ ಹಿಡಿದ ಯಾವ ಹೆಣ್ಣುಮಗಳಿಗೆ ಗೊತ್ತಿಲ್ಲ ಇದು? ಆದರೆ ಆ ಹೊತ್ತಿಗೆ ಅಲ್ಲಿದ್ದ ಇಬ್ಬರು ಹೆಣ್ಣುಮಕ್ಕಳಿಗೆ ಕಂಡದ್ದು ಬೇರೆ. ಮದುಮಗನ ಹಾಗೆ ಕೂತಿದ್ದ ಹಂಡೆ ಅವರ ಕಣ್ಣೆದುರಿಗೇ ಎಳೆಎಳೆಯಾಗಿ ಕೆಂಪಾಯಿತು. ಕುತ್ತಿಗೆಯ ಹಿಂಡಲೆಕಾಯಿಯಿಂದ ಕೆಂಪು ತೊಟ್ಟಿಕ್ಕಿ ಒಲೆಯ ಬೂದಿಗೆ ಬಿದ್ದು ಚುಂಯ್ ಎಂದಿತು.

“ಅತ್ತೆ, ಹಂಡೆಗೂ ರಕ್ತ ಬಂತು!” ಎಂದು ಅತ್ತಿಗೆ ಕಿರುಚಿದರು.

ಅದೇ ಗಳಿಗೆಯಲ್ಲಿ ಹಿತ್ತಿಲಲ್ಲಿ ಬಾಳೆಗಿಡದ ಹತ್ತಿರ ಹಲ್ಲುಜ್ಜುತ್ತಿದ್ದ ಅಣ್ಣನ ಕಾಲಬುಡಕ್ಕೆ ಬಚ್ಚಲ ನೀರು ಹೋಗಿ ತಲುಪಿತು. ಟಾರ್ಚು ಬಿಟ್ಟು ನೋಡಿದವನು ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಓಡಿ ಬಂದು ಬಾಗಿಲು ಬಡಿಯತೊಡಗಿದ. ಹಿಂದೆ ಮಕ್ಕಳು, ಮಕ್ಕಳ ಹಿಂದೆ ನಾಯಿ. ಯಾರೋ ಪುಣ್ಯಾತ್ಮ ಅಂಗಳದಲ್ಲಿ ಪಟಾಕಿ ಸರಕ್ಕೆ ಕಿಡಿ ತಾಗಿಸಿದ. ಇನ್ನು ನಾನೇ ಹೇಳದಿದ್ದರೆ ಆಗುವುದಿಲ್ಲ ಎಂದು, ಒದ್ದೆ ಟವಲು ಸುತ್ತಿಕೊಂಡು, ಕಣ್ಣು ತೆರೆಯದೆ, ಕ್ಲಾಸಿನ ದನಿ ತೆಗೆದೆ: “ಯಾರೂ ಹೆದರಬೇಡಿ. ಅರಿಶಿನದಲ್ಲಿ ಕರ್ಕ್ಯುಮಿನ್ ಇರುತ್ತೆ. ಪ್ರತ್ಯಾಮ್ಲ ತಾಗಿದಾಗ ಅದು ಕೆಂಪಾಗುತ್ತೆ. ಸುಣ್ಣ ಅಂದ್ರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಅದು ಪ್ರತ್ಯಾಮ್ಲ...”

“ಅಮ್ಮಾ, ಬಡಬಡಿಸ್ತಿದಾಳೆ!” ಎಂದು ಹೊರಗಿನಿಂದ ಅಣ್ಣ. “ತಲೆಗೇ ಪೆಟ್ಟಾಗಿದೆ. ಜೀಪು ತೆಗಿಲಾ?”

ದೊಡ್ಡಮ್ಮ ಮಾತ್ರ ಸುಮ್ಮನಾಗಿದ್ದರು. ಬೆರಳಲ್ಲಿ ಕೆಂಪು ತೆಗೆದು ಹೆಬ್ಬೆರಳಿಗೆ ತಿಕ್ಕಿದರು. ಮೂಸಿದರು. ದೀಪದ ಹತ್ತಿರ ಹಿಡಿದರು. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ, ಕಳ್ಳನನ್ನು ಕಂಡೂ ಬಿಟ್ಟುಬಿಡುವವರ ದನಿಯಲ್ಲಿ, “ಬಣ್ಣ ಹಚ್ಚಿಸ್ಕೊಂಡ್ಯಾ?” ಎಂದರು.

ಹೂಂ ಎಂದೆ.

“ಎಷ್ಟು ಕೊಟ್ಟೆ?”

ಹೇಳಿದೆ. ಅರ್ಧ ಕಡಿಮೆ ಮಾಡಿಯೇ ಹೇಳಿದೆ. ಅದಕ್ಕೂ ಅವರು ತಂಬಿಗೆ ಕೆಳಗಿಟ್ಟರು.

ಅತ್ತಿಗೆ ನಕ್ಕು ಸಾಕಾಗಿ ಹಂಡೆಯ ಮಗ್ಗುಲಲ್ಲೇ ಕೂತುಬಿಟ್ಟರು. ಅಣ್ಣ ಬಾಗಿಲಾಚೆಯಿಂದ “ಈ ವಯಸ್ಸಲ್ಲಿ ಬೇಕಿತ್ತಾ ಇವಳಿಗೆ?” ಎಂದ. ಇಪ್ಪತ್ತು ವರ್ಷದಿಂದ ಅವನ ಮೀಸೆ ಅಮಾವಾಸ್ಯೆಯ ಬಣ್ಣ. ಪ್ರತಿ ಭಾನುವಾರ ಹಳೇ ಟೂತ್‌ಬ್ರಷ್ಷಿನಲ್ಲಿ ಹಚ್ಚಿಕೊಂಡು ಬಾಯಿ ಬಿಗಿಹಿಡಿದು ಜಗಲಿಯ ಮೇಲೆ ಕೂರುತ್ತಾನೆ, ಮನೆಮಂದಿಯೆಲ್ಲ ಅವನ ಜೊತೆ ಸನ್ನೆಯಲ್ಲಿ ಮಾತಾಡುತ್ತಾರೆ.

ಎಲ್ಲರೂ ಹೋದ ಮೇಲೆ ದೊಡ್ಡಮ್ಮ ಮತ್ತೆ ನೀರು ಹಾಕಿದರು. ಈ ಸಲ ತಣ್ಣೀರು ಬೆರೆಸಿದ್ದರು.

“ಅತ್ತೆಯವರ ಸೀರೆ ಬಣ್ಣ ಕಣೆ ಇದು” ಎಂದರು.

ಅತ್ತೆ ಎಂದರೆ ನನ್ನ ಅಜ್ಜಿ. ನಾನು ಹುಟ್ಟುವ ಎಷ್ಟೋ ಮೊದಲೇ ಕೆಂಪು ಸೀರೆ ಉಟ್ಟವರು. ದೊಡ್ಡಮ್ಮನಿಗೂ ಮುಂಚೆ ಈ ಮಣೆಯ ಮುಂದೆ ನಿಂತು ನಮಗೆಲ್ಲ ನೀರು ಹಾಕುತ್ತಿದ್ದವರು ಅವರೇ. ಯಾರ ಕೂದಲಿಗೆ ಗೊಂಪು ಸಾಕು, ಯಾರದಕ್ಕೆ ಅಂಟುವಾಳ ಬೇಕು, ಯಾರಿಗೆ ಸೀಗೆ ಹೆಚ್ಚಾದರೆ ಸಿಕ್ಕಾಗುತ್ತದೆ, ಎಲ್ಲ ಕೈಯಲ್ಲೇ ಇತ್ತು. ನನಗೆ ಆರೋ ಏಳೋ ವರ್ಷ ಇದ್ದಾಗ ಕೇಳಿದ್ದೆ, “ಅಜ್ಜೀ, ನೀನ್ಯಾಕೆ ಸೀಗೆ ಹಾಕ್ಕೊಳಲ್ಲ?” ಅವರು ಒದ್ದೆ ಅಂಗೈಯಿಂದ ಸೆರಗಿನ ಮೇಲೇ ತಲೆ ಸವರಿಕೊಂಡು, “ನಂದು ಬೇಗ ಒಣಗ್ತದೆ” ಎಂದರು. ತಿಂಗಳಿಗೊಮ್ಮೆ ಕೊಟ್ಟಿಗೆಯ ಹಿಂದೆ ಕ್ಷೌರದವನು ಬರುತ್ತಿದ್ದ. ಅವತ್ತು ನಾವು ಆ ಕಡೆ ಆಡಲು ಹೋಗಬಾರದಿತ್ತು.

ದೊಡ್ಡಮ್ಮ ಇನ್ನೇನೂ ಹೇಳಲಿಲ್ಲ. ಬಿಳಿ ಟವಲು ಕೊಟ್ಟರು. ಅದೂ ಹಾಳಾಯಿತು.

ಮೈಸೂರಿಗೆ ಬಂದ ಮೇಲೆ ಉಳಿದದ್ದನ್ನಾದರೂ ಉಳಿಸಿಕೊಳ್ಳೋಣವೆಂದು ನಾನು ತಪಸ್ಸಿಗೆ ಕೂತೆ. ಕೊಟ್ಟವರೆಲ್ಲರ ಸಲಹೆ ಕೇಳಿದೆ. ಒಬ್ಬರು ವಿನೆಗರ್ ಎಂದರು, ಒಬ್ಬರು ಮೊಸರು, ಒಬ್ಬರು ನಿಂಬೆರಸ, ಎದುರು ಮನೆಯವರು ಹೆಸರುಹಿಟ್ಟು. ತಲೆಯೋ ಕೋಸಂಬರಿಯೋ? ಕೊನೆಗೆ ಶಾಸ್ತ್ರೀಯವಾಗಿಯೇ ನೋಡಿಬಿಡೋಣ ಎಂದು ಬಾಚಣಿಗೆಗೆ ಬಂದ ಕೂದಲನ್ನು ಆರು ಸ್ಟೀಲ್ ಲೋಟಗಳಿಗೆ ಹಂಚಿ ಕಿಟಕಿಯಲ್ಲಿಟ್ಟೆ: ತಣ್ಣೀರು, ಬಿಸಿನೀರು, ಸೀಗೆ, ಗೊಂಪು, ಮೈಸೋಪು, ಸಲ್ಫೇಟ್ ಇಲ್ಲದ ದುಬಾರಿ ಶಾಂಪೂ. ಲ್ಯಾಬಿನಿಂದ ಪಿಎಚ್ ಕಾಗದ ತಂದು ಅದ್ದಿದೆ. ಸೋಪಿನ ನೀರಿಗೆ ಕಾಗದ ಕಡುನೀಲಿಯಾಯಿತು. ಹೆಂಚು ಎತ್ತುವ ಕೆಲಸ ಅದರದ್ದೇ. ಶಾಂಪೂ ಕೊಂಚ ಆಮ್ಲದ ಕಡೆಗಿತ್ತು, ಅಂದರೆ ಹೆಂಚು ಮಲಗಿಸುವ ಕಡೆಗೆ. ಎರಡು ಗಂಟೆ ಬಿಟ್ಟು ನೋಡಿದರೆ ತಣ್ಣೀರು ತಿಳಿಯಾಗೇ ಇತ್ತು, ಬಿಸಿನೀರಿಗೆ ನಸುಗೆಂಪು, ಸೋಪಿಗೆ ಎಲ್ಲಕ್ಕಿಂತ ಜಾಸ್ತಿ. ಸೀಗೆಯ ನೀರು ಮೊದಲಿಂದಲೂ ಕಂದು, ಅದು ಏನನ್ನು ಬಿಡಿಸಿತು ಏನನ್ನು ಬಿಟ್ಟಿತು ಎಂದು ಬ್ರಹ್ಮನಿಗೂ ತಿಳಿಯದು. ಇಡೀ ರಾತ್ರಿ ನೆನೆಸಿ ಬೆಳಿಗ್ಗೆ ಟಿಪ್ಪಣಿ ಮಾಡಿಕೊಳ್ಳಬೇಕೆಂದಿದ್ದೆ. ಬೆಳಿಗ್ಗೆ ಕೆಲಸಕ್ಕೆ ಬಂದವಳು, “ಅಮ್ಮಾ, ಲೋಟಕ್ಕೆಲ್ಲ ಕೂದ್ಲು ಬಿದ್ದಿತ್ತು, ಥೂ, ಬಿಸಿನೀರಲ್ಲಿ ತೊಳ್ದು ಬೋರಲಾಕಿದೀನಿ” ಎಂದಳು.

ಆರು ವಾರಕ್ಕೆ ಕರಿಕೂದಲಲ್ಲಿ ಬಣ್ಣ ಅಡಗಿತು. ಬಿಳಿಕೂದಲೆಲ್ಲ ಹುಣಸೆಹಣ್ಣು ಹಾಕಿ ತಿಕ್ಕಿದ ತಾಮ್ರದ ಚೊಂಬಿನ ಹಾಗೆ ಹೊಳೆಯುತ್ತಿದೆ. ಹಿಂದಿನ ಬೆಂಚಿನವರು ನನಗಿಟ್ಟ ಹೆಸರು ‘ಕ್ಯೂ-ಟು ಪ್ಲಸ್’ ಎಂದು ಕಿವಿಗೆ ಬಿದ್ದಿದೆ. ತಾಮ್ರದ ಅಯಾನನ್ನು ನೆನಪಿಟ್ಟುಕೊಂಡಿದ್ದಾರಲ್ಲ ಎಂದು ಒಳಗೊಳಗೇ ಖುಷಿಯಾಯಿತು.

ಹಬ್ಬ ಕಳೆದು ಸುಮಾರು ಎರಡು ವಾರಕ್ಕೆ, ತುಳಸಿ ಹಬ್ಬದ ಮಾರನೇ ದಿನ, ಅತ್ತಿಗೆ ಫೋನು ಮಾಡಿದ್ದರು. ಮಾತಿನ ಮಧ್ಯೆ ದನಿ ತಗ್ಗಿಸಿದರು. ಅವತ್ತಿನ ಬಣ್ಣ ದೊಡ್ಡಮ್ಮನ ಉಗುರಿಗೆ, ಅಂಗೈಯ ಗೆರೆಗೆ ಹಿಡಿದುಬಿಟ್ಟಿದೆಯಂತೆ. ಪೂಜೆಗೆ ಬಂದ ಹೆಂಗಸರೆಲ್ಲ ಕೈ ನೋಡಿದರಂತೆ. ದೊಡ್ಡಪ್ಪ ಹೋಗಿ ಹನ್ನೆರಡು ವರ್ಷವಾಯಿತು. ಯಾರೋ, “ಗೋರಂಟಿ ಹಾಕ್ಕೊಂಡ್ರಾ?” ಎಂದು ಬಾಯಿ ಬಿಟ್ಟು ಕೇಳಿಯೂಬಿಟ್ಟರಂತೆ.

ನನ್ನ ಜೀವ ಹಿಡಿಯಷ್ಟಾಯಿತು. ಫೋನು ಅವರಿಗೆ ಕೊಡಿಸಿಕೊಂಡು, “ದೊಡ್ಡಮ್ಮ, ಸ್ವಲ್ಪ ಎಣ್ಣೆ ಹಚ್ಚಿ, ಸೋಪು ಹಾಕಿ, ಬಿಸಿನೀರಲ್ಲಿ ಚೆನ್ನಾಗಿ ತಿಕ್ಕಿ. ಬಿಟ್ಕೊಳ್ಳತ್ತೆ” ಎಂದೆ. ಬಣ್ಣ ತೆಗೆಯುವ ವಿದ್ಯೆಯಲ್ಲಿ ಆ ಹೊತ್ತಿಗೆ ನಾನು ಪಾರಂಗತೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಕೈ ತಿರುಗಿಸಿ ನೋಡಿಕೊಳ್ಳುತ್ತಿದ್ದರೇನೋ.

“ಇರ್ಲಿ ಬಿಡೆ” ಎಂದರು. “ತಾನಾಗೇ ಹೋಗೋ ಅಷ್ಟು ದಿನ ಇರ್ಲಿ.”