ಪಿಎಚ್‌ಡಿ ಪದವಿಯೂ ಫಲತಾಂಬೂಲವೂ

1575ರಲ್ಲಿ ಸ್ಥಾಪನೆಯಾದ ನೆದರ್ಲೆಂಡ್ಸಿನ ಲೈಡನ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಹಾಪ್ರಬಂಧದ ಸಮರ್ಥನೆಯು, ಎಂದರೆ ಅಭ್ಯರ್ಥಿಯು ಪರೀಕ್ಷಕರ ಪ್ರಶ್ನೆಗಳಿಗೆ ಎದುರು ನಿಂತು ಉತ್ತರಿಸುವ ಕಲಾಪವು, ಬಂಧುಬಳಗದ ಸಮಕ್ಷಮದಲ್ಲಿಯೇ ನಡೆಯುವುದರಿಂದ, ಹೊರನಾಡ ಕನ್ನಡ ಕುಟುಂಬದ ಸ್ವಭಾವವನ್ನು ಅಭ್ಯಸಿಸಬಯಸುವವರಿಗೆ ಅದಕ್ಕಿಂತ ಪ್ರಶಸ್ತವಾದ ಸ್ಥಳ ದೊರೆಯುವುದು ಕಷ್ಟ.

ಪ್ರಬಂಧವನ್ನು ಪರೀಕ್ಷಕರು ಮೊದಲೇ ಅಂಗೀಕರಿಸಿರುವುದರಿಂದ ಆ ದಿನ ನಪಾಸಾಗುವ ಸಂಭವ ಇಲ್ಲವೆಂಬಷ್ಟು ಕಡಿಮೆಯಾದರೂ, ಈ ಸಂಗತಿಯನ್ನು ಎಷ್ಟು ಸಲ ತಿಳಿಹೇಳಿದರೂ ನಂಬದ ತಾಯಿಯು ಮಂತ್ರಾಲಯದ ರಾಯರಿಗೆ ಹರಕೆ ಹೊತ್ತೇ ಮೊದಲ ಸಾಲಿನಲ್ಲಿ ಕೂತಿರುತ್ತಾರೆ. ಪ್ರಶ್ನೋತ್ತರ 45 ನಿಮಿಷ ತುಂಬಿದೊಡನೆ ‘ಪೆಡೆಲ್’ ಎಂಬ ದಂಡಧಾರಿ ಅಧಿಕಾರಿಯು ಸಭೆಗೆ ಬಂದು, ವೇಳೆಯಾಯಿತೆಂಬ ಅರ್ಥದ ‘ಹೋರಾ ಎಸ್ಟ್’ ಎಂಬ ಲ್ಯಾಟಿನ್ ಘೋಷಣೆ ಮಾಡಿದರೆ ಚರ್ಚೆ ಅಲ್ಲಿಗೇ ಮುಗಿಯುತ್ತದೆ; ಚೀಟಿ ಕಳಿಸಿದರೂ ಮೈಕ್ ಬಿಡದ ಅಧ್ಯಕ್ಷರನ್ನು ರಾಜ್ಯೋತ್ಸವದ ವೇದಿಕೆಗಳಲ್ಲಿ ಬಹುಕಾಲ ಸಹಿಸಿರುವ, ಕನ್ನಡ ಸಂಘದ ಖಜಾಂಚಿಯೂ ಆದ ಚಿಕ್ಕಪ್ಪನವರು ಆ ದಂಡ ಎಲ್ಲಿ ಸಿಗುತ್ತದೆಂದು ವಿಚಾರಿಸುವುದು ಸಹಜವೇ.

ಪದವಿ ಪ್ರದಾನವಾದ ಮೇಲೆ ಮಾರ್ಗದರ್ಶಕರು, ಅಲ್ಲಿನ ಪರಿಭಾಷೆಯಲ್ಲಿ ‘ಪ್ರೊಮೋಟರ್’ ಎನಿಸಿಕೊಳ್ಳುವ ಗುರುಗಳು, ‘ಲೌಡಾತ್ಸಿಯೊ’ ಎಂಬ ಪ್ರಶಂಸಾ ಭಾಷಣ ಮಾಡುತ್ತಾರೆ. ಇದರಲ್ಲಿ ಹೊಗಳಿಕೆಯ ಜೊತೆಗೆ ಶಿಷ್ಯೆಯು ಸಭೆಗಳಿಗೆ ತಡವಾಗಿ ಬಂದದ್ದೂ, ಮೂರನೆಯ ಅಧ್ಯಾಯವು ಮುಗಿಯುವ ಲಕ್ಷಣವನ್ನೇ ತೋರದಿದ್ದದ್ದೂ ಪ್ರೀತಿಯ ಕೀಟಲೆಯಾಗಿ ಸೇರಿಕೊಳ್ಳುತ್ತವೆ. ಸನ್ಮಾನಿತರ ಬಗ್ಗೆ ದೋಷವೆಂಬುದನ್ನೇ ಎತ್ತದ ಅಭಿನಂದನಾ ಭಾಷಣಗಳಲ್ಲಿ ಪಳಗಿದ ತಾಯಿಗೆ ಇದು ಚಾಡಿಯಂತೆ ಕೇಳಿಸಿ, “ಇಷ್ಟೊಂದು ದೂರು ಹೇಳ್ತಿದಾರಲ್ಲೇ, ಕೊಟ್ಟ ಪದವಿ ವಾಪಸ್ ತಗೊಳ್ಳಲ್ಲ ತಾನೆ?” ಎಂದು ಪಿಸುಗುಟ್ಟಿ ಮಗಳನ್ನು ಕಂಗೆಡಿಸುತ್ತಾರೆ. ಅಭ್ಯರ್ಥಿಗಳು ಕಾದು ಕೂರುವ ‘ಬೆವರಿನ ಕೋಣೆ’ಯ ಗೋಡೆಯ ಮೇಲೆ ಪದವೀಧರರು ಸಹಿ ಹಾಕುವ ಸಂಪ್ರದಾಯವಿರುವುದರಿಂದ, ಗೋಡೆಯ ಮೇಲೆ ಗೀಚಿದ್ದಕ್ಕೆ ಬಾಲ್ಯದಲ್ಲಿ ಮಗಳ ಕಿವಿ ಹಿಂಡಿದ್ದ ತಂದೆಯೇ ಇಲ್ಲಿ “ಇನ್ನೂ ಸ್ವಲ್ಪ ದೊಡ್ಡದಾಗಿ ಬರಿಯಮ್ಮ” ಎಂದು ಹುರಿದುಂಬಿಸುತ್ತಾರೆ.

ಸಂಜೆ ಬಿಸಿಬೇಳೆಬಾತಿನ ಊಟಕ್ಕೆ ಬಂದ ಗುರುಗಳಿಗೆ ಕುಟುಂಬವು ತನ್ನ ಪದ್ಧತಿಯ ಗೌರವ ಸಲ್ಲಿಸುತ್ತದೆ: ಹೆಗಲಿಗೆ ಶಾಲು, ಕೊರಳಿಗೆ ಹಾರ, ಕಿವಿಯವರೆಗೂ ಇಳಿಯುವ ಮೈಸೂರು ಪೇಟ, ಕೈಗೆ ಫಲತಾಂಬೂಲದ ತಟ್ಟೆ. ಲೌಡಾತ್ಸಿಯೊ ಕಳೆದ ವರ್ಷಗಳ ಲೆಕ್ಕವಾದರೆ, ಸನ್ಮಾನವು ಬರಲಿರುವ ವರ್ಷಗಳ ಅರ್ಜಿ ಎಂಬ ತಾರತಮ್ಯವನ್ನು ಗುರುಗಳು ಗ್ರಹಿಸುವುದು ಮನೆಗೆ ಮರಳಿ ತೆಂಗಿನಕಾಯಿಯನ್ನು ಎತ್ತಿದಾಗ, ಅದರ ಅಡಿಯಲ್ಲಿ ವೀಳ್ಯದೆಲೆಗೆ ಅಂಟಿಕೊಂಡಂತೆ ಸೋದರತ್ತೆಯ ಮಗನ ಬಯೋಡೇಟಾ ಕಂಡ ಮೇಲಷ್ಟೇ.