ಬಣ್ಣ ಹೊಡೆಸಿ, ನನ್ನದೇನೂ ಅಭ್ಯಂತರವಿಲ್ಲ: ಗೋಡೆಯ ಬಿರುಕಿನೊಡನೆ ಮಾತುಕತೆ

ಬೆಂಗಳೂರಿನ ಹಳೆಯ ಬಡಾವಣೆಯೊಂದರ ಮನೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟು, ಬೆಂಗಳೂರು ಪ್ರೆಸ್ ಕ್ಯಾಲೆಂಡರಿನ ಹಿಂದೆ ಹಾದು, ಚಾವಣಿಯ ಆರ್‌ಸಿಸಿವರೆಗೆ ಏರಿರುವವರೇ ಈ ಸಲದ ಅತಿಥಿ: ಶ್ರೀಮಾನ್ ಬಿರುಕು. ಮನೆಯ ಯಜಮಾನರು ಒಲ್ಲದ ಮನಸ್ಸಿನಿಂದ ಕ್ಯಾಲೆಂಡರ್ ಇಳಿಸಿ, "ಬೇಗ ಮುಗಿಸ್ಕೊಳ್ಳಿ, ಸಂಜೆ ಮಗಳನ್ನ ನೋಡೋಕೆ ಗಂಡಿನ ಕಡೆಯವರು ಬರ್ತಾರೆ" ಎಂದು ಒಳಗೆ ಹೋದರು. ಬಿರುಕು ಗಂಟಲು ಸರಿಪಡಿಸಿಕೊಂಡಿತು. ಎರಡು ಚೂರು ಗಾರೆ ನಮ್ಮ ಪ್ರತಿನಿಧಿಯ ಟಿಪ್ಪಣಿ ಪುಸ್ತಕದ ಮೇಲೆ ಉದುರಿತು.

ಪ್ರಶ್ನೆ: ತಾವು ಈ ಮನೆಗೆ ಬಂದದ್ದು ಯಾವಾಗ?

ಬಿರುಕು: ಗೃಹಪ್ರವೇಶದ ದಿನ ನಾನೂ ಇದ್ದೆ ಸ್ವಾಮಿ. ಆಗ ಕೂದಲೆಳೆಯಷ್ಟಿದ್ದೆ, ಹೋಮದ ಹೊಗೆಯಲ್ಲಿ ಯಾರಿಗೂ ಕಾಣಲಿಲ್ಲ. ಕಾಂಕ್ರೀಟಿಗೆ ಕನಿಷ್ಠ 7 ದಿನ, ಹಾರುಬೂದಿ ಬೆರೆತ ಸಿಮೆಂಟಾದರೆ 10 ದಿನ ಕ್ಯೂರಿಂಗ್ ಆಗಬೇಕು ಎಂದು ಐಎಸ್ 456 ಹೇಳುತ್ತದೆ. ಇಲ್ಲಿ ಮೂರನೇ ದಿನಕ್ಕೇ ನೀರು ಹೊಡೆಯುವ ಹುಡುಗ ಊರಿಗೆ ಹೋದ. ನಾನು ಇಲ್ಲೇ ಉಳಿದೆ.

ಪ್ರಶ್ನೆ: ನೀವೆಲ್ಲ ಮಣ್ಣಿನ ಮನೆಗಳಲ್ಲಿ ಇರುವವರು ಎಂದುಕೊಂಡಿದ್ದೆವು.

ಬಿರುಕು: ಆ ಜನರ ಸಹವಾಸ ಕಷ್ಟ! ಬಯಲುಸೀಮೆಯವರು ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಚೌಳು ಮಣ್ಣು ಹಾಕಿ ಬಡಿಯುತ್ತಿದ್ದರು. ಮಲೆನಾಡಿನವರು ಒಡೆದ ಹಂಚು ಬದಲಿಸಿದ ಮೇಲೆಯೇ ಮಳೆಯ ದಾರಿ ನೋಡುತ್ತಿದ್ದರು. ವರ್ಷಕ್ಕೊಮ್ಮೆ ಏಣಿ ಹತ್ತುವವರ ಮನೆಯಲ್ಲಿ ನಾವು ಬಾಳುವುದಾದರೂ ಹೇಗೆ? ಆರ್‌ಸಿಸಿ ಬಂದ ಮೇಲೆ "ಇನ್ನು ನೂರು ವರ್ಷ ಚಿಂತೆಯಿಲ್ಲ" ಎಂದು ಏಣಿಯನ್ನೇ ಮಾರಿದರು. ತಾರಸಿಯ ನೀರಿಳಿಯುವ ಪೈಪಿಗೆ ಎಲೆ ಕಟ್ಟಿಕೊಂಡರೆ ಸಾಕು, ನಿಂತ ನೀರನ್ನು ನಾನು ಕಂಬಿಯವರೆಗೆ ಕರೆದೊಯ್ಯುತ್ತೇನೆ. ತುಕ್ಕು ಹಿಡಿದ ಕಂಬಿ ಊದಿಕೊಂಡು ಕಾಂಕ್ರೀಟನ್ನು ಒಳಗಿನಿಂದಲೇ ಒಡೆಯುತ್ತದೆ. ಚಾವಣಿಯ ಚಕ್ಕೆ ಬಿದ್ದು ಕಂಬಿ ಕಂಡಿತೋ, ನನ್ನ ಪಾಳಿ ಮುಗಿದು ತಮ್ಮ ತುಕ್ಕಿನ ಪಾಳಿ ಶುರುವಾಗಿದೆ ಎಂದು ತಿಳಿಯಿರಿ.

ಪ್ರಶ್ನೆ: ದೇಶದಲ್ಲಿ ನಿಮ್ಮ ಬಳಗ ಎಷ್ಟು ದೊಡ್ಡದು?

ಬಿರುಕು: ಆ ಲೆಕ್ಕವನ್ನು ಸರ್ಕಾರವೇ ಇಟ್ಟಿದೆ. 2011ರ ಜನಗಣತಿಯಲ್ಲಿ ಸುಮಾರು ಶೇ 53ರಷ್ಟು ಕುಟುಂಬಗಳು ತಮ್ಮ ಮನೆ ಉತ್ತಮ ಸ್ಥಿತಿಯಲ್ಲಿದೆ ಎಂದವು. ಶೇ 41ಕ್ಕೂ ಹೆಚ್ಚು ಮನೆಗಳು ವಾಸಯೋಗ್ಯ, ಅಂದರೆ ಸಣ್ಣಪುಟ್ಟ ರಿಪೇರಿ ಬೇಕಾದವು. ಶೇ 5ಕ್ಕೂ ಹೆಚ್ಚು ಶಿಥಿಲ, ಅಂದರೆ ದೊಡ್ಡ ರಿಪೇರಿಯೇ ಆಗಬೇಕಾದವು. ಕೂಡಿಸಿದರೆ ನೂರಕ್ಕೆ ಸುಮಾರು 47 ಮನೆಗಳಲ್ಲಿ ನಮಗೆ ಜಾಗವುಂಟು. ಅದೂ ಮನೆಯವರೇ ಬಾಯಿಬಿಟ್ಟು ಹೇಳಿದ್ದು. ಕ್ಯಾಲೆಂಡರ್ ಹಿಂದಿರುವವರು ಅದರಲ್ಲಿ ಸೇರಿಲ್ಲ. 2001ರಲ್ಲಿ ಉತ್ತಮ ಮನೆಗಳು ಶೇ 50ರಷ್ಟಿದ್ದವು. ಹತ್ತು ವರ್ಷಕ್ಕೆ ಮೂರು ಹೆಜ್ಜೆ ಇಡುವವರನ್ನು ಕಂಡು ನಾನೇಕೆ ಹೆದರಲಿ?

ಪ್ರಶ್ನೆ: ಸರ್ಕಾರ ಬಡವರಿಗೆ ಮನೆ ಕಟ್ಟಿಸಿಕೊಡುತ್ತಿದೆಯಲ್ಲ?

ಬಿರುಕು: ಕಟ್ಟಿಸಲಿ, ನಮ್ಮ ಮಕ್ಕಳಿಗೂ ನೆಲೆಯಾಗುತ್ತದೆ. 1985ರಲ್ಲಿ ಇಂದಿರಾ ಆವಾಸ್ ಬಂತು. 2016ರಿಂದ ಗ್ರಾಮೀಣ ಪ್ರಧಾನ ಮಂತ್ರಿ ಆವಾಸ್‌ನಲ್ಲಿ ಕನಿಷ್ಠ 25 ಚದರ ಮೀಟರ್ ಮನೆಗೆ ಬಯಲು ಪ್ರದೇಶದಲ್ಲಿ 1.20 ಲಕ್ಷ, ಗುಡ್ಡಗಾಡಿನಲ್ಲಿ 1.30 ಲಕ್ಷ ರೂಪಾಯಿ. ಪೇಟೆಯ ಯೋಜನೆಗೆ ಅರ್ಜಿ ಹಾಕುವವರಿಗೆ ದೇಶದ ಯಾವ ಮೂಲೆಯಲ್ಲೂ ಪಕ್ಕಾ ಮನೆ ಇರಕೂಡದು. ನನ್ನಂಥವರು ಹತ್ತು ಮಂದಿ ತುಂಬಿಕೊಂಡಿದ್ದರೂ ದಾಖಲೆಯಲ್ಲಿ ಅದು ಪಕ್ಕಾ ಮನೆಯೇ. ಸಚಿವರು ಹೊಸ ಮನೆಯ ಬೀಗದ ಕೈ ಕೊಡುವ ಫೋಟೊ ಪತ್ರಿಕೆಯಲ್ಲಿ ಬರುತ್ತದೆ. ಸೋರಿಕೆ ನಿಂತದ್ದರ ಫೋಟೊ ಹೇಗೆ ತೆಗೆಯುತ್ತಾರೆ, ನೀವೇ ಹೇಳಿ.

ಪ್ರಶ್ನೆ: ಮಧ್ಯಮ ವರ್ಗದವರಿಗೆ ತೆರಿಗೆ ವಿನಾಯಿತಿ ಇದೆ.

ಬಿರುಕು (ನಕ್ಕು, ಇನ್ನೊಂದು ಚಕ್ಕೆ ಉದುರಿಸಿ): ಅದನ್ನು ಬರೆದ ಪುಣ್ಯಾತ್ಮರಿಗೆ ನನ್ನ ನಮಸ್ಕಾರ ಹೇಳಿ. ಹಳೆಯ ತೆರಿಗೆ ಪದ್ಧತಿಯಲ್ಲಿ, ತಾವೇ ವಾಸಿಸುವ ಮನೆ ಕೊಳ್ಳಲು ಅಥವಾ ಕಟ್ಟಲು ಸಾಲ ಮಾಡಿದರೆ ವರ್ಷಕ್ಕೆ 2 ಲಕ್ಷದವರೆಗೆ ಬಡ್ಡಿಗೆ ಕಡಿತ. ಅದೇ ಮನೆಯ ರಿಪೇರಿಗೆ ಸಾಲ ಮಾಡಿದರೆ 30,000. ಬಾಡಿಗೆಗೆ ಕೊಟ್ಟ ಮನೆಯ ವಿಚಾರ ಇನ್ನೂ ಸೊಗಸು. ವಾರ್ಷಿಕ ಮೌಲ್ಯದ ಶೇ 30ರಷ್ಟು ಕಡಿತ ತಾನಾಗಿಯೇ ಸಿಗುತ್ತದೆ. ಒಂದು ಬಾಂಡಲಿ ಗಾರೆಯನ್ನಾದರೂ ಮೆತ್ತಿಸಿದಿರಾ ಎಂದು ಕೇಳುವವರಿಲ್ಲ. ಬಾಡಿಗೆದಾರ ದೂರಿದರೆ "ಮಳೆಗಾಲ ಮುಗೀಲಿ ನೋಡೋಣ" ಎನ್ನುತ್ತಾರೆ. ಮಳೆಗಾಲ ಮುಗಿದ ಮೇಲೆ ಸೋರುವುದಿಲ್ಲವಲ್ಲ, ನೋಡುವುದೇನು?

ಪ್ರಶ್ನೆ: ಮಳೆಹಾನಿಗೆ ಪರಿಹಾರ ಸಿಗುತ್ತದಲ್ಲವೇ?

ಬಿರುಕು: ಅಲ್ಲಿ ನಮ್ಮನ್ನು ಪಾಸು-ಫೇಲು ಮಾಡುತ್ತಾರೆ. 2022ರಲ್ಲಿ ಬಂದ ವಿಪತ್ತು ಪರಿಹಾರ ನಿಧಿಯ ಮಾರ್ಗಸೂಚಿಯಂತೆ ಕನಿಷ್ಠ ಶೇ 15ರಷ್ಟು ಹಾನಿಯಾಗಿದ್ದರೆ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000 ರೂಪಾಯಿ. ಶೇ 14 ಎಂದರೆ ಫೇಲು. 2019ರ ನೆರೆಯಲ್ಲಿ ಕರ್ನಾಟಕ ಸರ್ಕಾರ ಪೂರ್ತಿ ಬಿದ್ದ 'ಎ' ವರ್ಗದ ಮನೆಗೆ 5 ಲಕ್ಷ ಘೋಷಿಸಿತು. ನಿಂತಿರುವ ಮನೆಗಿಂತ ಬಿದ್ದ ಮನೆಗೇ ಬೆಲೆ ಎಂದು ನನಗೆ ಆಗ ಅರ್ಥವಾಯಿತು.

ಪ್ರತಿನಿಧಿ ಮುಂಬೈ ಮಾತೆತ್ತಿದಾಗ ಬಿರುಕಿನ ದನಿ ತಗ್ಗಿತು. ಅಲ್ಲಿ ರಿಪೇರಿಗೆಂದೇ 1969ರಲ್ಲಿ ಕಾನೂನು ಬಂದು, ಹಳೆಯ ಕಟ್ಟಡಗಳಿಂದ ಸೆಸ್ ವಸೂಲಿ ಮಾಡಿ ದುರಸ್ತಿ ಮಾಡಿಸುವ ಮಂಡಳಿ ಹುಟ್ಟಿತು. ಅದರ ವ್ಯಾಪ್ತಿಗೆ ಬಂದ ಕಟ್ಟಡಗಳು 19,642. ಆದರೆ 1947ರ ಬಾಡಿಗೆ ಕಾಯ್ದೆ ಬಾಡಿಗೆಯನ್ನು 1940ರ ಮಟ್ಟಕ್ಕೇ ಕಟ್ಟಿಹಾಕಿತ್ತು. ಆ ಹಣದಲ್ಲಿ ಮಾಲೀಕ ರಿಪೇರಿ ಮಾಡಿಸಲಿಲ್ಲ, ಆ ಬಾಡಿಗೆ ಬಿಟ್ಟು ಬಾಡಿಗೆದಾರ ಕದಲಲಿಲ್ಲ. 2017ರ ಆಗಸ್ಟ್ 31ರಂದು ಭೆಂಡಿ ಬಜಾರಿನ ಹುಸೇನಿ ಕಟ್ಟಡ ಕುಸಿದು 30ಕ್ಕೂ ಹೆಚ್ಚು ಜನ ಸತ್ತರು. ಅದು ಅಪಾಯಕಾರಿ ಎಂದು ಮೊದಲೇ ಗುರುತಿಸಲಾಗಿತ್ತು.

"ನಮ್ಮವರು ಹೇಳದೆ ಕೇಳದೆ ಮನೆ ಬೀಳಿಸುವುದಿಲ್ಲ ಸ್ವಾಮಿ. ವರ್ಷಗಟ್ಟಲೆ ಗೋಡೆ ತುಂಬ ಬರೆದು ತೋರಿಸುತ್ತೇವೆ. ನೀವು ಅದರ ಮೇಲೆ ಪುಟ್ಟಿ ಬಳಿಯುತ್ತೀರಿ" ಎಂದಿತು ಬಿರುಕು.

ಪ್ರಶ್ನೆ: ನಿಮಗೆ ಯಾರ ಭಯವೂ ಇಲ್ಲವೇ?

ಬಿರುಕು: ಫ್ಲ್ಯಾಟುಗಳಲ್ಲಿ ಸ್ವಲ್ಪ ಇದೆ. ಮನೆ ಕೈಗೆ ಬಂದ 5 ವರ್ಷದೊಳಗೆ ಕಟ್ಟಡದ ದೋಷ ತೋರಿಸಿದರೆ ಬಿಲ್ಡರು 30 ದಿನಗಳಲ್ಲಿ ಪುಕ್ಕಟೆಯಾಗಿ ಸರಿಪಡಿಸಿಕೊಡಬೇಕೆಂದು ರೇರಾ ಕಾಯ್ದೆಯ 14ನೇ ಕಲಂ ಹೇಳುತ್ತದೆ. ಅದಕ್ಕೇ ನಮ್ಮ ಹುಡುಗರಿಗೆ ಆರನೇ ವರ್ಷದವರೆಗೆ ತಲೆ ತಗ್ಗಿಸಿಕೊಂಡಿರಿ ಎಂದಿದ್ದೇನೆ. ಬಣ್ಣದವನ ಭಯ ನನಗಿಲ್ಲ. ಗೌರಿ ಹಬ್ಬಕ್ಕೆ ಬಣ್ಣ ಹೊಡೆದರೆ ದೀಪಾವಳಿಗೆ ಮತ್ತೆ ಮುಖ ತೋರಿಸುತ್ತೇನೆ.

ಕೊನೆಗೆ ಬಿರುಕು ಒಂದು ವಿನಂತಿ ಮಾಡಿಕೊಂಡಿತು: ಏನು ಬೇಕಾದರೂ ಅಚ್ಚು ಹಾಕಿ, ಮನೆ ರಿಪೇರಿಯ ಉಪಾಯಗಳನ್ನು ಮಾತ್ರ ಬರೆಯಬೇಡಿ. ಪತ್ರಿಕೆಗೆ ಅದನ್ನು ನಡೆಸಿಕೊಡಲಾಗುತ್ತಿಲ್ಲ. ಓದುಗರು ಮೇ ತಿಂಗಳಲ್ಲೇ ತಾರಸಿ ಹತ್ತಿ ನೀರಿಳಿಯುವ ಪೈಪು ಬಿಡಿಸಲಿ, ನೀರು ಎಲ್ಲಿ ನಿಲ್ಲುತ್ತದೆ ನೋಡಲಿ. ಬಿರುಕಿನ ಎರಡು ತುದಿಗೂ ಪೆನ್ಸಿಲಿನಲ್ಲಿ ಗೀಟು ಎಳೆದು ಪಕ್ಕದಲ್ಲಿ ತಾರೀಕು ಬರೆಯಲಿ. ಬಿರುಕು ಗೀಟು ದಾಟಿದರೆ, ಇಲ್ಲವೇ ಚಾವಣಿಯಲ್ಲಿ ತುಕ್ಕಿನ ಬಣ್ಣದ ಕಲೆ ಕಂಡರೆ, ಪೇಂಟರಿಗೆ ಫೋನ್ ಮಾಡುವ ಮುನ್ನ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಲಿ.