ಒಂಬತ್ತನೆಯ ಯೂನಿಟ್

ಶಕ್ತಿನಗರದಲ್ಲಿ ನಿವೃತ್ತಿ ಎಂದರೆ ಗೇಟ್ ಪಾಸ್ ವಾಪಸು ಕೊಡುವುದು, ಅಷ್ಟೆ. ಡ್ಯೂಟಿ ಮುಗಿಯುವುದಿಲ್ಲ. ಕೃಷ್ಣೆಯ ದಂಡೆಯ ಆ ಶಾಖೋತ್ಪನ್ನ ಸ್ಥಾವರದಲ್ಲಿ ಮೂವತ್ತು ಚಿಲ್ಲರೆ ವರ್ಷ ಮೇಂಟೆನೆನ್ಸ್ ಮಾಡಿದವರು ದೇವಸೂಗೂರಿನಲ್ಲೋ ರಾಯಚೂರಿನ ಯಾವುದೋ ಹೊಸ ಬಡಾವಣೆಯಲ್ಲೋ ಮನೆ ಕಟ್ಟಿಸಿಕೊಂಡು ಕೂತಿರುತ್ತಾರೆ. ಗುರುತು ಹಿಡಿಯುವುದು ಕಷ್ಟವಲ್ಲ. ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಟೆಸ್ಟರ್ ಇರುತ್ತದೆ. ಪಕ್ಕದ ಮನೆಯಲ್ಲಿ ಮಿಕ್ಸಿ ತಿರುಗಿದರೆ ತಲೆ ಓರೆ ಮಾಡಿ, "ಬೇರಿಂಗ್ ಹೋಗ್ಯಾವ" ಎನ್ನುತ್ತಾರೆ. ಮದುವೆಯ ಪಂಕ್ತಿಯಲ್ಲಿ ಜನರೇಟರ್ ಕೆಮ್ಮಿದರೆ ಹೋಳಿಗೆ ಅರ್ಧಕ್ಕೆ ಬಿಟ್ಟು ಏಳುತ್ತಾರೆ. 1985ರಲ್ಲಿ ಮೊದಲ ಯೂನಿಟ್ ಚಾಲೂ ಆದಾಗ ತಾವು ಟರ್ಬೈನಿನ ಪಕ್ಕದಲ್ಲೇ ನಿಂತಿದ್ದೆವೆಂದು ಇವರೆಲ್ಲ ಹೇಳುವುದನ್ನು ಕೂಡಿಸಿದರೆ, ಅವತ್ತು ಟರ್ಬೈನಿಗೇ ಜಾಗ ಉಳಿದಿರಲಿಕ್ಕಿಲ್ಲ.

ನಮ್ಮ ಓಣಿಯ ಸಾಹೇಬರು ಈ ಜಾತಿಯವರೇ. ಏಳು ಯೂನಿಟ್ 210 ಮೆಗಾವಾಟಿನವು, ಎಂಟನೆಯದು 250, ಒಟ್ಟು 1720 ಎಂದು ಬೆಳಗಿನ ವಾಕಿಂಗಿನಲ್ಲಿ ಯಾರೂ ಕೇಳದಿದ್ದರೂ ಹೇಳುತ್ತಾರೆ. ಒಂಬತ್ತನೆಯದು ಅವರ ಹಿತ್ತಲಿನಲ್ಲಿ ಹುಟ್ಟಿತು. ಅದಕ್ಕೆ ಕಾರಣ ಮನೆಯವರು.

"ಏನ್ರೀ, ಈ ಪಾನಾ, ಪಕ್ಕಡ, ಮೊಳಿ ಎಲ್ಲಾ ಒಂದ್ ಕಡಿ ಇಡ್ರಿ. ಕಸಾ ಹೊಡ್ಯಾಕ ಹೋದ್ರ ಕಾಲಿಗೆ ಚುಚ್ತಾವ."

ಸಾಮಾನು ಇಡಲು ಗಾಲಿಯಿರುವ ಕಬ್ಬಿಣದ ಟ್ರಾಲಿ ಅಂಗಡಿಯಲ್ಲಿ ಸಿಗುತ್ತದೆ. ಸಾಹೇಬರು ಹೋಗಿ ರೇಟು ಕೇಳಿ ಬಂದರು. "ಅದರ ರೊಕ್ಕದಾಗ ಆಡಿನ ಮರಿ ಬರ್ತದ. ನಾ ಕಟಗಿದ ಪುಕ್ಕಟ ಮಾಡ್ತೀನಿ" ಎಂದರು.

ಆ 'ಪುಕ್ಕಟ'ದ ಲೆಕ್ಕವನ್ನು ಸ್ವಲ್ಪ ನೋಡಬೇಕು. ಗುಜರಿಯಿಂದ ಪ್ಯಾಕಿಂಗ್ ಪೆಟ್ಟಿಗೆಯ ಹಲಗೆಗಳು ಬಂದವು. ಅವಕ್ಕೆ ಕೊಟ್ಟಿದ್ದು ಕಡಿಮೆಯೇ. ಹಳೆಯ ಮೊಳೆಗಳನ್ನು ಕಿತ್ತು, ಬಾಗಿದ್ದನ್ನೆಲ್ಲ ಕಲ್ಲಿನ ಮೇಲಿಟ್ಟು ಕುಟ್ಟಿ ನೆಟ್ಟಗೆ ಮಾಡಿದರು. ಒಂದು ಬೆರಳಿನ ಉಗುರು ಕಪ್ಪಾಯಿತು; ಅದಕ್ಕೆ ಹಚ್ಚಿದ ಮುಲಾಮು ಲೆಕ್ಕಕ್ಕಿಲ್ಲ. ರಾಯಚೂರಿಗೆ ಹೋಗಿಬಂದ ಬಸ್ ಚಾರ್ಜೂ ಇಲ್ಲ, ಏಕೆಂದರೆ "ಹೆಂಗೂ ಪ್ಯಾಟಿಗೆ ಹೋಗೋದಿತ್ತು". ಡ್ರಿಲ್ ಮಶೀನ್ ಕೊಂಡದ್ದು ಮನೆಗೆ, ಟ್ರಾಲಿಗಲ್ಲ. ಪೆಟ್ಟಿಗೆಯ ಕಟ್ಟಿಗೆ ಮೆತ್ತಗಿರುತ್ತದೆ, ತೂತು ಮಾಡದೆ ಅಂಚಿನಲ್ಲಿ ಮೊಳೆ ಹೊಡೆದರೆ ಸೀಳುತ್ತದೆ. ಈ ಮಾತು ಮಾತ್ರ ನಿಜ.

ಓಣಿಯ ಬಡಿಗೇರ ದಾರಿಯಲ್ಲಿ ನಿಂತು ನೋಡಿದ. "ಕೊಡ್ರಿ ಸಾಹೇಬ್ರ, ಊಟದ ಹೊತ್ತಿಗೆ ಮಾಡಿ ಒಗೀತೀನಿ."

"ಇನ್ನಾ ಡ್ರಾಯಿಂಗ್ ಅಪ್ರೂವ್ ಆಗಿಲ್ಲಪಾ."

ಡ್ರಾಯಿಂಗ್ ಮಾಡಿದವರು ಅವರೇ, ಅಪ್ರೂವ್ ಮಾಡಬೇಕಾದವರೂ ಅವರೇ. ಆದರೂ ಒಂದು ವಾರ ಹಿಡಿಯಿತು. ಎರಡು ಸಲ ತಿದ್ದುಪಡಿಗೆ ವಾಪಸು ಕಳಿಸಿಕೊಂಡರು.

ಗಾಲಿಯ ವಿಷಯಕ್ಕೆ ಬಂದರೆ ಸಾಹೇಬರು ಪಂಡಿತರು. ಅಂಗಡಿಯ ಹುಡುಗ ಸಣ್ಣ ಪ್ಲಾಸ್ಟಿಕ್ ಗಾಲಿ ತೋರಿಸಿ, 120 ಕಿಲೋ ಭಾರವನ್ನು ನಾಲ್ಕಕ್ಕೆ ಹಂಚಿದರೆ ಒಂದಕ್ಕೆ ಮೂವತ್ತೇ ಬೀಳುತ್ತದೆ ಎಂದ. "ಹಂಗಲ್ಲೋ ತಮ್ಮಾ. ನೆಲ ಅಂದ್ರ ಸಮ ಇರ್ತದೇನು? ಯಾವಾಗ್ಲೂ ಒಂದು ಗಾಲಿ ಮ್ಯಾಲ ಎದ್ದಿರ್ತದ. ಮೂರಕ್ಕ ಭಾಗ್ಸು. ಒಂದೊಂದು 40 ಕಿಲೋ ತಡೀಬೇಕು." ಹುಡುಗ ಕ್ಯಾಲ್ಕುಲೇಟರ್ ಕೆಳಗಿಟ್ಟ. ಇನ್ನೊಂದು ಮಾತೂ ಇತ್ತು: ನಮ್ಮ ಕಡೆ ನೆಲಕ್ಕೆ ಹಾಸಿರುವುದು ಶಹಾಬಾದಿ ಫರಸಿ. ಎರಡು ಫರಸಿಯ ನಡುವಿನ ಸಂದಿಯಲ್ಲಿ ಸಣ್ಣ ಗಾಲಿ ಸಿಕ್ಕಿಕೊಂಡು ನಿಲ್ಲುತ್ತದೆ, ದೊಡ್ಡದು ದಾಟಿ ಹೋಗುತ್ತದೆ. ಹಾಗಾಗಿ ದೊಡ್ಡ ರಬ್ಬರ್ ಗಾಲಿಗಳೇ ಬಂದವು. ಹಿಡಿಕೆಯ ಕಡೆ ಸುತ್ತ ತಿರುಗುವ ಎರಡು, ಅವಕ್ಕೆ ಬ್ರೇಕು. ಮುಂದೆ ತಿರುಗದ ಎರಡು. ಮಿಕ್ಕಿದ್ದಕ್ಕೆಲ್ಲ ಸೇರಿ ಬಿದ್ದ ದುಡ್ಡಿಗಿಂತ ಗಾಲಿಯ ದುಡ್ಡೇ ಹೆಚ್ಚಾಯಿತು. ಅದನ್ನು ಸಾಹೇಬರು ಬೇರೆ ಹಾಳೆಯಲ್ಲಿ ಬರೆದಿಟ್ಟರು.

ನ್ಯಾಯವಾಗಿ ಹೇಳಬೇಕೆಂದರೆ ಕೆಲಸ ಚೊಕ್ಕವಾಗಿತ್ತು. ಚೌಕಟ್ಟನ್ನು ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆದರು. ಅಳತೆ ಒಂದೇ ಬರುವ ತನಕ ತಟ್ಟಿದರು, ತಟ್ಟಿಸಿದರು. ಭಾರದ ಸಾಮಾನು ತಳದಲ್ಲಿ, ಹಗುರದ್ದು ಮೇಲೆ, ಇಲ್ಲದಿದ್ದರೆ ಗಾಡಿ ಮುಗ್ಗರಿಸುತ್ತದೆ ಎಂದು ನೋಡಲು ಬಂದವರಿಗೆಲ್ಲ ಪಾಠ ಮಾಡಿದರು. ಟ್ರಯಲ್ ರನ್ನಿಗೆ ಹಾರುಬೂದಿ ಇಟ್ಟಿಗೆ ಪೇರಿಸಿ ಹಿತ್ತಲಿನಲ್ಲಿ ಓಡಿಸಿದರು. "ನಮ್ಮ ಬಾಯ್ಲರಿನ ಬೂದಿ ಇದು" ಎಂದು ಇಟ್ಟಿಗೆಯ ಮೈ ಸವರಿದ್ದನ್ನು ನಾನೇ ನೋಡಿದ್ದೇನೆ. ನಾನು ಉಗುರನ್ನೂ ನೋಡಿದೆ, ಏನೂ ಅನ್ನಲಿಲ್ಲ.

ಆಮೇಲೆ ಟ್ರಾಲಿಗೆ ಕೆಂಪು ಚೀಟಿ ಬಿತ್ತು: 'ಪರ್ಮಿಟ್ ಇಲ್ಲದೆ ಕೈ ಹಚ್ಚಬಾರದು'. ಪಕ್ಕದಲ್ಲಿ ದಾರಕ್ಕೆ ಕಟ್ಟಿದ ಲಾಗ್‌ಬುಕ್. ಒಂದು ಸ್ಕ್ರೂಡ್ರೈವರ್ ಕೇಳಲು ಹೋದವನಿಗೂ ವೇಳೆ, ಕಾರಣ, ವಾಪಸು ಕೊಡುವ ಸಮಯ ಬರೆದು ಸಹಿ ಮಾಡುವ ಭಾಗ್ಯ. ಸಹಿ ಮಾಡಿದ ಮೇಲೂ ಸ್ಕ್ರೂಡ್ರೈವರ್ ಸಿಗುತ್ತಿರಲಿಲ್ಲ. ಸಾಹೇಬರೇ ಅದನ್ನು ಹಿಡಿದುಕೊಂಡು ನಮ್ಮ ಮನೆಗೆ ಬರುತ್ತಿದ್ದರು.

ಹೀಗಿರುವಾಗ ಮಾನ್ವಿಯ ಬೀಗರು ಸೋನಾ ಮಸೂರಿ ಚೀಲಗಳನ್ನು ಕಳಿಸಿದರು. ಸಾಹೇಬರು ಪೆನ್ಷನ್ ಕೆಲಸಕ್ಕೆ ಬ್ಯಾಂಕಿಗೆ ಹೋಗಿದ್ದರು. ಬಾಗಿಲಿನಿಂದ ಅಡುಗೆಮನೆಗೆ ಚೀಲ ಎಳೆಯುವ ಶಕ್ತಿ ಮನೆಯವರಿಗಿಲ್ಲ. ಪಾನಾ, ಪಕ್ಕಡಗಳನ್ನು ಹಳೆಯ ಗೋಣಿಚೀಲಕ್ಕೆ ಸುರಿದು ಟ್ರಾಲಿಯನ್ನು ಒಳಗೆ ತಂದರು. ತಳದಲ್ಲಿ ಅಕ್ಕಿ, ನಡುವೆ ಎಣ್ಣೆ ಡಬ್ಬ, ಮೇಲೆ ಉಳ್ಳಾಗಡ್ಡಿ. ಪಾಠ ಅವರೂ ಕೇಳಿಸಿಕೊಂಡಿದ್ದರಲ್ಲ.

"ಇಷ್ಟು ವರ್ಷದಾಗ ಇದೊಂದು ಉಪಯೋಗಕ್ಕ ಬರೋ ಸಾಮಾನು ಮಾಡೀರಿ ನೋಡ್ರಿ" ಎಂದರು ಗಂಡ ಬಂದ ಮೇಲೆ. 1720 ಮೆಗಾವಾಟಿನ ಮನುಷ್ಯ ಇದಕ್ಕೆ ಏನು ಹೇಳಬೇಕು? ಚಹಾ ಕುಡಿದರು.

ಮೊನ್ನೆ ಗಾಲಿ ಕಿರ್ರೆನ್ನತೊಡಗಿತು. ಸಾಹೇಬರು ಎಣ್ಣೆಯ ಕುಪ್ಪಿ ಹಿಡಿದು ಅಡುಗೆಮನೆಯ ಹೊಸ್ತಿಲಿಗೆ ಬಂದರು. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ನಿಂತಿತು.

"ಪರ್ಮಿಟ್ ತಗೊಂಡ್ರೇನು?"

ಅವರು ಹೋಗಿ ಲಾಗ್‌ಬುಕ್ ತಂದು, ವೇಳೆ, ಕಾರಣ ಬರೆದು, ಸಹಿಗೆಂದು ಮುಂದೆ ಹಿಡಿದರು.

"ಈಗ ಆಗಂಗಿಲ್ಲ, ಲೋಡ್ ಭಾಳ ಅದ. ರೊಟ್ಟಿ ಆದ ಮ್ಯಾಲ ಬರ್ರಿ."